ಎಳೆಯಲು ಒಪ್ಪದ ಅಕ್ಷರ

ಸೋಲೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಜ್ಯೋತಿಲಕ್ಷ್ಮಿಗೆ ಮೈಯೆಲ್ಲ ಉರಿಯುವುದು ಒಂದೇ ವಿಷಯಕ್ಕೆ, ಅಕ್ಷರವನ್ನು ಎಳೆಯುವುದಕ್ಕೆ. ಪುಢಾರಿಯ ಹೆಸರಿಗೆ ಜಾಗ ಸಾಲದಿದ್ದರೆ ಹಿಂಡಿ ಶಾವಿಗೆ ಮಾಡುತ್ತಾರೆ, ಜಾಗ ಮಿಕ್ಕರೆ ಲಟ್ಟಿಸಿ ಹಪ್ಪಳ ಮಾಡುತ್ತಾರೆ. ಈ ಪಾಪ ನೋಡಲಾರದೆ ಅವಳು ಒಂದೂವರೆ ವರ್ಷ ಕೂತು ತನ್ನದೇ ಫಾಂಟ್ ಬರೆದಳು. ದಪ್ಪ, ಎತ್ತರ, ಒತ್ತೊತ್ತಾಗಿ ನಿಲ್ಲುವಷ್ಟು ಕಿರಿದು. ತಲೆಕಟ್ಟು ಇಟ್ಟಿಗೆಯಂತೆ ಚೌಕ, ತಳದಲ್ಲಿ ಊರಿದ ಪಾದ. ಹೆಸರು ಹೊಳೆಯದೆ ಅದು ಕಂಪ್ಯೂಟರಿನಲ್ಲಿ ‘ಹೊಸದು ಫೈನಲ್ ಮೂರು’ ಎಂದೇ ಬಿದ್ದಿತ್ತು. ಯಾರೂ ಎಳೆಯದೆ ಅದು ಒಮ್ಮೆ ದೊಡ್ಡ ಬೋರ್ಡ್ ಏರಬೇಕು ಎಂಬುದೊಂದೇ ಅವಳ ಆಸೆ.

ಪಕ್ಕದ ಹಳ್ಳಿಯ ಹಾಲಿನ ಡೈರಿಗೆ ಹೊಸ ಕಟ್ಟಡವಾಯಿತು, ಬೋರ್ಡು ಅವಳ ಪಾಲಿಗೆ ಬಂತು. ಒಂಬತ್ತು ನಿರ್ದೇಶಕರ ಹೆಸರು, ಎಲ್ಲವೂ ಒಂದೇ ಎತ್ತರ. ಇನ್ನು ಜಗಳಕ್ಕೆ ಜಾಗವೇ ಇಲ್ಲ ಎಂದುಕೊಂಡು ಮಾದರಿ ತೋರಿಸಿದಳು. ಪಾಪ, ಅವಳು ಎತ್ತರ ಅಳೆದಿದ್ದಳು. ಅವರು ಉದ್ದ ಅಳೆದರು.

ಉಪಾಧ್ಯಕ್ಷ ಚೆಲುವಯ್ಯ ಕಂಪ್ಯೂಟರ್ ಪರದೆಗೇ ಗೇಣು ಹಾಕಿದರು. “ಏನವ್ವಾ ಇದು? ಅಧ್ಯಕ್ಷಂದು ಮಾರುದ್ದ ಐತೆ, ನಂದು ಗೇಣುದ್ದ!”

“ನಮ್ಮಪ್ಪ ಇಟ್ಟಿದ್ದೇ ಉದ್ದದ ಹೆಸ್ರು ಕಣ್ಲಾ,” ಎಂದು ಅಧ್ಯಕ್ಷ ಗಂಗಹನುಮಯ್ಯ ಮೀಸೆಯಡಿಯಲ್ಲೇ ನಕ್ಕರು.

“ನಂದನ್ನ ಒಸಿ ಎಳೆದ್ಬುಡವ್ವ,” ಎಂದರು ಚೆಲುವಯ್ಯ. “ಆಗಲ್ಲ ಅಂದ್ರೆ ನೆಲಮಂಗಲದಲ್ಲಿ ಮಾಡುಸ್ಕತೀವಿ.”

ಜ್ಯೋತಿಲಕ್ಷ್ಮಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎಳೆದರೆ ಒಂದೂವರೆ ವರ್ಷದ ಕೆಲಸ ನೀರಲ್ಲಿ ಹೋಮ. ಎಳೆಯದಿದ್ದರೆ ಬೋರ್ಡೇ ಇಲ್ಲ. ದಿನಾ ಬೆಳಿಗ್ಗೆ ಸ್ಕೂಟಿಯಲ್ಲಿ ಬರುವಾಗ ಕಾಣುವ ಡೈರಿಯ ಸಾಲು ಆಗ ನೆನಪಾಯಿತು. ಕ್ಯಾನು ಹಿಡಿದು ನಿಂತವರೆಲ್ಲ ಹೆಂಗಸರು. ಪಾಸ್‌ಬುಕ್ಕಿನಲ್ಲಿ ಮಾತ್ರ ಗಂಡಸರ ಹೆಸರು.

“ದೊಡ್ಡಪ್ಪಾ, ನಿಮ್ಮನೆ ಹಾಲು ಡೈರಿಗೆ ಹಾಕೋರು ಯಾರು?” ಎಂದು ಚೆಲುವಯ್ಯನವರನ್ನು ಕೇಳಿದಳು.

“ನಮ್ಮವ್ವ, ಬೋರಮ್ಮ. ಡೈರಿ ಶುರುವಾದಾಗ ಮೊದಲ್ನೇ ಲೀಟ್ರು ಹಾಕಿದ್ದೂ ಅವಳೇಯ.”

‘ಬೋರಮ್ಮನ ಮಗ ಚೆಲುವಯ್ಯ’ ಎಂದು ಅವಳು ಟೈಪ್ ಮಾಡಿದಳು. ಸಾಲು ಅಧ್ಯಕ್ಷರ ಹೆಸರನ್ನು ದಾಟಿ ಮುಂದೆ ಹೋಯಿತು.

ಗಂಗಹನುಮಯ್ಯನವರ ನಗು ಅಲ್ಲೇ ಇಂಗಿತು. “ನಮ್ಮವ್ವ ಏನು ಬಿಟ್ಟಿ ಬಿದ್ದವ್ಳಾ? ದೊಡ್ಡಲಕ್ಷ್ಮಮ್ಮನ ಮಗ ಅಂತ ನಂಗೂ ಹಾಕವ್ವ!”

ಸಾಲು ಮತ್ತೆ ಉದ್ದವಾಯಿತು, ಆದರೆ ಇನ್ನೊಬ್ಬರ ಅವ್ವನ ಹೆಸರಿಗೆ ಗೇಣು ಹಾಕಲು ಚೆಲುವಯ್ಯನವರಿಗೂ ಮನಸ್ಸಾಗಲಿಲ್ಲ. ಸಂಜೆಯೊಳಗೆ ಉಳಿದ ಏಳು ಜನರೂ ಅವ್ವಂದಿರ ಹೆಸರು ಹಿಡಿದು ಬಂದರು. ಒಬ್ಬರಿಗೆ ‘ಅವ್ವ’ ಎಂಬುದರಾಚೆ ಹೆಸರೇ ಗೊತ್ತಿರದೆ, ಮನೆಗೆ ಫೋನ್ ಮಾಡಿ ಬೈಸಿಕೊಂಡರು. ಬೇರೆ ಅಕ್ಷರವಾಗಿದ್ದರೆ ಬೋರ್ಡು ರಸ್ತೆಗೇ ಚಾಚಿಕೊಳ್ಳುತ್ತಿತ್ತು. ಇವು ಡೈರಿ ಮುಂದಿನ ಹೆಂಗಸರಂತೆ ಒತ್ತಿಕೊಂಡು ನಿಂತವು, ಒಂದನ್ನೂ ಎಳೆಯಬೇಕಾಗಲಿಲ್ಲ.

ಬೋರ್ಡು ಏರಿದ ಬೆಳಿಗ್ಗೆ, ಸಾಲಿನಲ್ಲಿದ್ದ ಬೋರಮ್ಮ ಕ್ಯಾನು ಕೆಳಗಿಟ್ಟು ತಲೆಯೆತ್ತಿದಳು. ಅವಳಿಗೆ ಓದು ಬಾರದು.

“ನನ್ ಹೆಸ್ರು ಯಾವ್ದವ್ವ?”

ಜ್ಯೋತಿಲಕ್ಷ್ಮಿ ಬೆರಳು ಮಾಡಿ ತೋರಿಸಿದಳು. ಮುದುಕಿ ಬಹಳ ಹೊತ್ತು ನೋಡಿದಳು.

“ಗಟ್ಟಿಯಾಗೈತೆ. ಕಾಲೂರ್ಕಂಡು ನಿಂತೈತೆ,” ಎಂದವಳೇ, ಸರದಿ ತಪ್ಪೀತೆಂದು ಕ್ಯಾನು ಎತ್ತಿಕೊಂಡು ಮುಂದೆ ಸರಿದಳು.

ಜ್ಯೋತಿಲಕ್ಷ್ಮಿಗೆ ಕಣ್ಣು ತುಂಬಿ ಬಂತು. ಅಂಗಡಿಗೆ ಹೋದವಳೇ ‘ಹೊಸದು ಫೈನಲ್ ಮೂರು’ ಅಳಿಸಿ, ಫಾಂಟಿಗೆ ‘ಬೋರಮ್ಮ’ ಎಂದು ಹೆಸರಿಟ್ಟಳು.

ಮುಂದಿನ ವಾರ ಪುಢಾರಿಯೊಬ್ಬರ ಕಡೆಯವನು ಬಂದು, ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಅಣ್ಣನ ಹೆಸರನ್ನು ಉದ್ದಕ್ಕೆ ಎಳೆಯಬೇಕೆಂದ.

“ಬೋರಮ್ಮನ್ನ ಎಳೆಯಕ್ಕಾಗಲ್ಲ,” ಎಂದಳು ಜ್ಯೋತಿಲಕ್ಷ್ಮಿ. “ಜಾಗ ತುಂಬಬೇಕು ಅಂದ್ರೆ ನಿಮ್ಮಣ್ಣನ ಅವ್ವನ ಹೆಸ್ರು ಕೇಳ್ಕಂಡು ಬನ್ನಿ.”