ಪುರಂದರನ ಮಾಲ್ಟಾ

ನಾನು ದುಭಾಷಿ. ಗಂಟೆಗಿಷ್ಟು ಎಂದು ಬಾಯಿ ಬಾಡಿಗೆಗೆ ಕೊಡುವವನು. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ದಾಟಿಸಬೇಕು, ನಡುವೆ ನನ್ನದೊಂದು ಉಪ್ಪಿನ ಹರಳನ್ನೂ ಹಾಕುವಂತಿಲ್ಲ. ಹನ್ನೊಂದು ವರ್ಷ ಹಾಕಿರಲಿಲ್ಲ. "ಮಾಲ್ಟಾ ದೇಶದವನಂತೆ, ಕನ್ನಡದ ದುಭಾಷಿ ಬೇಕಂತೆ" ಎಂದು ಏಜೆನ್ಸಿಯವಳು ಫೋನ್ ಮಾಡಿದಾಗ ನಗು ಬಂತು. ೨೦೦೫ರ ಮಾತು. ಮಾಲ್ಟಾ ಯೂರೋಪಿನ ಒಕ್ಕೂಟ ಸೇರಿ ಒಂದು ವರ್ಷವಾಗಿತ್ತು. ಅಲ್ಲಿಯ ಪಾಸ್‌ಪೋರ್ಟ್ ಇದ್ದವರು ಲಂಡನ್ನಿನಲ್ಲಿ ಧಾರಾಳವಾಗಿ ದುಡಿಯಬಹುದಿತ್ತು.

ಲಂಡನ್ನಿನ ಹೇಸ್ ಹತ್ತಿರದ ವಲಸೆ ಕಚೇರಿಯ ಪಡಸಾಲೆಯಲ್ಲಿ ತುಂಬು ಬಸುರಿಯೊಬ್ಬಳು ಕೂತಿದ್ದಳು. ನಾನು ಫೋನಿನಲ್ಲಿ ಕನ್ನಡದಲ್ಲಿ ಆಡಿದ ಎರಡು ಮಾತು ಅವಳ ಕಿವಿಗೆ ಬಿದ್ದಿರಬೇಕು.

"ಹೋಯ್, ನೀವ್ ನಮ್ಮ್ ಬದಿಯರಾ?"

"ಕೋಟೇಶ್ವರ" ಎಂದೆ, ಕುಂದಾಪುರದ ಪಕ್ಕದ ನನ್ನೂರು. ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಅವಳು ನನ್ನ ಕೋಟಿನ ತೋಳು ಹಿಡಿದಳು. "ನಾ ಪುಷ್ಪಾವತಿ. ಒಳಗಿಪ್ಪುದ್ ನಮ್ಮನಿಯವ್ರ್. ಪಾಸ್‌ಪೋರ್ಟ್ ಸುಳ್ಳಂತ ಗೊತ್ತಾರೆ ಇವತ್ತೇ ಊರಿಗ್ ವಿಮಾನ ಹತ್ತುಸ್ತ್ರಂಬ್ರ್. ನಂಗ್ ಇದೇ ತಿಂಗ್ಳ್. ಒಬ್ಳೇ ಎಂತ ಮಾಡ್ಲಿ? ಎಂತಾರೂ ಮಾಡಿ, ಅಣ್ಣಾ."

ನನಗೆ ಸಿಟ್ಟು ಬಂತು. ಕಂಡಕಂಡವರೆಲ್ಲ ಅಣ್ಣಾ ಎಂದರೆ ನಾನೇನು ದೇವರೇ? ತೋಳು ಬಿಡಿಸಿಕೊಂಡು ಒಳಗೆ ಹೋದೆ.

ಅವಳ ಗಂಡ ಪುರಂದರ ಪಾರ್ಕ್ ರಾಯಲ್ ಬಡಾವಣೆಯ ಕಾರ್ಖಾನೆಯಲ್ಲಿ ಸಮೋಸ ಕರಿಯುವವನು. ಮುಂಗೈ ತುಂಬ ಎಣ್ಣೆ ಸಿಡಿದ ಕಲೆ. ಪಾಸ್‌ಪೋರ್ಟ್ ಪ್ರಕಾರ ಮಾಲ್ಟಾದಲ್ಲಿ ಹುಟ್ಟಿದವನು. ಅಪ್ಪ ಅಲ್ಲಿ ಹಡಗು ರಿಪೇರಿಗೆ ಹೋಗಿದ್ದ, ತಾಯಿ ಅಲ್ಲಿಯವಳು, ಅವಳು ತೀರಿಕೊಂಡ ಮೇಲೆ ಹನ್ನೆರಡನೇ ವರ್ಷಕ್ಕೆ ಕುಂದಾಪುರಕ್ಕೆ ಬಂದ, ಹಾಗಾಗಿ ಮಾಲ್ಟಾದ ಭಾಷೆ ಮರೆತಿದೆ. ಪಾಸ್‌ಪೋರ್ಟ್ ಮಾಡಿಸಿಕೊಟ್ಟ ಏಜೆಂಟ್ ಹೆಣೆದ ಕತೆ.

ಅಧಿಕಾರಿ ಸುಸ್ತಾದ, ಸೌಮ್ಯ ಮನುಷ್ಯ. ಒಂದೊಂದಾಗಿ ಕೇಳಿದ. ಪುರಂದರನದು ಅಚ್ಚುಕಟ್ಟಾದ ಗಿಳಿಪಾಠ. ರಾಜಧಾನಿ ವ್ಯಾಲೆಟ್ಟಾ. ಜನ ನಾಲ್ಕು ಲಕ್ಷ. ದುಡ್ಡು ಲಿರಾ. ಸಂಸತ್ತಿನಲ್ಲಿ ಅರವತ್ತೈದು ಸೀಟು. ಪ್ರವಾಸಿಗರಿಂದ, ಹಡಗಿನಿಂದ ಸಂಪಾದನೆ. ಗೋಜೋ ದ್ವೀಪಕ್ಕೆ ದೋಣಿಯಲ್ಲಿ ಹೋಗಬೇಕು.

ಕೊನೆಗೆ ಅಧಿಕಾರಿ ಪೆನ್ನಿನ ಮುಚ್ಚಳ ಹಾಕುತ್ತ, "ಚಿಕ್ಕವನಿದ್ದಾಗ ಶಾಲೆ ಬಿಟ್ಟ ಮೇಲೆ ಏನು ಮಾಡುತ್ತಿದ್ದೆ?" ಎಂದ.

ಪಾಠದಲ್ಲಿ ಇರದ ಪ್ರಶ್ನೆ. ಪುರಂದರನ ಮುಖ ಮೊದಲ ಸಲ ಅರಳಿತು. "ಶಾಲಿ ಬಿಟ್ಟದ್ದೇ ಸೈ, ಚೀಲ ಬಿಸಾಕಿ ಹೊಳಿಗ್ ಹಾರೂದ್! ಕತ್ತಲಿ ಆಪಲ್ಲಿವರಿಗೂ ಈಜೂದ್."

ಹಿಂದಿನ ದಿನ ಲೈಬ್ರರಿಯಲ್ಲಿ ಮಾಲ್ಟಾ ಬಗ್ಗೆ ಓದಿಕೊಂಡು ಬಂದಿದ್ದೆ. ಆ ದೇಶವೆಲ್ಲ ಸುಣ್ಣಕಲ್ಲು. ಕುಡಿಯುವುದಕ್ಕೂ ಸಮುದ್ರದ ನೀರನ್ನೇ ಸೋಸಬೇಕು. ಈಜುವಂಥ ಹೊಳೆ ಒಂದೂ ಇಲ್ಲ.

"ಸಮುದ್ರದಲ್ಲಿ ಈಜುತ್ತಿದ್ದನಂತೆ" ಎಂದೆ ಇಂಗ್ಲಿಷಿನಲ್ಲಿ. ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು.

ಅಧಿಕಾರಿ ತಲೆಯಾಡಿಸಿ, ಮತ್ತೆ ಮುಚ್ಚಳ ತೆಗೆದು ಬರೆದುಕೊಂಡ. ಇನ್ನು ಸಹಿ ಅಷ್ಟೇ.

ಪುರಂದರ ನನ್ನನ್ನು ಹೆಡ್ಡನನ್ನು ನೋಡುವಂತೆ ನೋಡಿದ. ಅಡಿಗೆಮನೆಯ ಇಂಗ್ಲಿಷಾದರೂ ಅವನಿಗೆ ಅಷ್ಟು ಗೊತ್ತಿತ್ತು. "ಕಡ್ಲಲ್ಲಿ ಯಾರ್ ಮಾರಾಯ್ರೆ ಈಜೂದ್? ಎಳ್ಕಂಡ್ ಹೋತ್ತ್!" ನಮ್ಮ ಕಡೆಯವರು ಬೇರೆ ಏನನ್ನು ಸಹಿಸಿದರೂ ಹೊಳೆಗೆ ಕಡಲು ಎಂದವನನ್ನು ಸುಮ್ಮನೆ ಬಿಡುವುದಿಲ್ಲ. ಅವನು ಅಧಿಕಾರಿಯತ್ತ ತಿರುಗಿ ಎರಡೂ ಕೈ ಅಗಲಿಸಿದ. "ನೋ ಸೀ, ಸರ್. ರಿವರ್. ಬಿಗ್ ರಿವರ್!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಧಿಕಾರಿ ಪೆನ್ನು ಕೆಳಗಿಟ್ಟು ಅವನನ್ನಲ್ಲ, ನನ್ನನ್ನು ಕೇಳಿದ: "ಮೊದಲು ಅವನು ಹೇಳಿದ ಪದ ಯಾವುದು?"

ಪುರಂದರ ಇನ್ನೂ ನಗುತ್ತಿದ್ದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ತಬ್ಬಿಕೊಂಡು ಅಳಬೇಕೆನಿಸಿತು.

"ಹೊಳೆ" ಎಂದೆ. ಅಧಿಕಾರಿ ಸಹಿ ಹಾಕದೆ ಫೈಲು ಮುಚ್ಚಿದ.

ಹೊರಗೆ ಬಂದಾಗ ಪುಷ್ಪಾವತಿ ಗೋಡೆ ಹಿಡಿದು ಎದ್ದು ನಿಂತಳು. "ಇವ್ರ್ ಎಲ್ಲಾ ಸಮಾ ಹೇಳಿರಾ, ಅಣ್ಣಾ?"

"ಹೌದು ತಂಗಿ, ಎಲ್ಲಾ ಸಮಾ ಹೇಳಿರ್. ನಂದೊಂದ್ ತಪ್ಪಿತ್ತ್, ಅದನ್ನೂ ಅವ್ರೇ ಸಮಾ ಮಾಡಿರ್."

ಅವಳು ಕಣ್ಣೊರೆಸಿಕೊಂಡು ನನಗೆ ಕೈಮುಗಿದಳು.