ಮಂಡಿಪೇಟೆಯ ಮೇನ್ ಸ್ವಿಚ್

"ಮತ್ತೆ ಹೋತು!" ಎಂದಳು ಶಾಹಿಸ್ತಾ.

ಹರಿಹರದ ಮನೆಯಲ್ಲಿ ಅವಳ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನಿಂದ, ದಾವಣಗೆರೆ ಮಂಡಿಪೇಟೆಯ ಅಂಗಡಿ ಕಂಪ್ಯೂಟರು ನಿನ್ನೆಯಂತೆಯೇ ಇಂದೂ ಮಾಯವಾಗಿತ್ತು. ಬೆಳಿಗ್ಗೆಯೆಲ್ಲ ನೆಟ್ಟಗಿತ್ತು. ಅಲ್ಲಿನ ಬಿಲ್ಲುಗಳು ಇಲ್ಲಿ ತೆರೆಯುತ್ತಿದ್ದವು. ಪರದೆಯ ಮೂಲೆಯಲ್ಲಿ ಅಂಗಡಿಯ ಕ್ಯಾಮೆರಾ ಚಿತ್ರವೂ ಕಾಣುತ್ತಿತ್ತು: ಬೇಳೆ ಮೂಟೆ, ಸಾವ್ಕಾರ್ ಕಲ್ಲಪ್ಪನ ಬೆನ್ನು, ಅವಳ ಖಾಲಿ ಕುರ್ಚಿ.

ಈ ಏರ್ಪಾಡು ಮಾಡಿಕೊಟ್ಟ ಯೋಗರಾಜ್ ಎದುರಿಗೇ ಕೂತು ತಲೆ ಕೆರೆದುಕೊಂಡ. "ಅಕ್ಕಾ, ನಾ ಹಾಕಿದ್ ಕನೆಕ್ಷನ್ ಚಂದ್ರನ ಮ್ಯಾಲಿಂದ್ಲೂ ಹತ್ತತೈತೆ. ಮಂಡಿಪೇಟಿಗೆ ಏನ್ ಬ್ಯಾನಿ?"

"ನಂಗೆ ಚಂದ್ರ ಬ್ಯಾಡಪ್ಪ, ಮಂಡಿಪೇಟೆ ಸಾಕು."

ಒಳಗೆ ಅಮ್ಮ ಸುಗ್ರಾಬಿ ಮಲಗಿದ್ದಳು; ಅವಳನ್ನು ನೋಡಿಕೊಳ್ಳಲೆಂದೇ ಶಾಹಿಸ್ತಾ ಅಂಗಡಿಯ ಬಿಲ್ ಕೆಲಸವನ್ನು ಮನೆಗೆ ತಂದುಕೊಂಡಿದ್ದಳು. ಸೊಂಟ ಮುರಿದ ಮೇಲೆ ಅವಳು ಕಣ್ಣು ಮುಚ್ಚುವುದು ಮಧ್ಯಾಹ್ನ ಉಂಡ ಮೇಲಷ್ಟೇ. ಶಾಹಿಸ್ತಾಳಿಗೆ ಕೈ ಬಿಡುವಾಗುವುದೂ ಆಗಲೇ. ಕಲ್ಲಪ್ಪ ಬೆಳಿಗ್ಗೆ ಹೇಳಿಯೇಬಿಟ್ಟಿದ್ದ: "ನಾಳೆ ಲಾರಿ ಬಿಡಾದ್ರೊಳಗ ಬಿಲ್ ಆಗ್ಲಿಲ್ಲಂದ್ರೆ, ನಾ ಬ್ಯಾರೆಯವ್ರನ್ನ ನೋಡ್ಕೋಬೇಕಾಗ್ತೈತವ್ವ."

ಅವಳು ಅವನಿಗೇ ಫೋನ್ ಹಚ್ಚಿದಳು. "ಸಾವ್ಕಾರ್ರೆ, ಕಂಪ್ಯೂಟರ್ ಬಂದ್ ಆಗೈತೇನ್ರಿ?"

"ನಂಗೇನ್ ಗೊತ್ತವ್ವ, ನಾ ಮನ್ಯಾಗ ಉಣ್ಣಾಕ ಕುಂತೀನಿ. ಬಾಗ್ಲು ಹಾಕೀನಿ, ಮೇನ್ ಇಳಿಸೀನಿ."

ಶಾಹಿಸ್ತಾ ಹಣೆ ಬಡಿದುಕೊಂಡಳು. ಎಷ್ಟು ವರ್ಷ ಕಣ್ಣೆದುರೇ ನೋಡಿದ್ದಳು! ಊಟಕ್ಕೆ ಹೊರಡುವಾಗ ಮೇನ್ ಸ್ವಿಚ್ ಇಳಿಸಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಕಲ್ಲಪ್ಪ ಹೊಸ್ತಿಲು ದಾಟಿದವನಲ್ಲ. ಅವಳು ನೀರು ಕುಡಿಯಲು ಎದ್ದರೂ ಫ್ಯಾನ್ ಆರಿಸುವ ಆಸಾಮಿ. ಆ ಅಂಗಡಿಯಲ್ಲಿ ಕರೆಂಟು ಕೂಡ ಅವನನ್ನು ಕೇಳಿಕೊಂಡೇ ತಂತಿಯಲ್ಲಿ ಓಡಾಡಬೇಕು.

"ಮೇನ್ ಇಳಿಸಬ್ಯಾಡ್ರಿ. ಅದು ಇದ್ರೇನೇ ನನ್ ಕೆಲ್ಸ."

"ಒಳಗ ಯಾರೂ ಇಲ್ದಾಗ ಕರೆಂಟ್ ಬಿಟ್ ಬರಾದಾ? ಪಕ್ಕದ ಮಳಿಗಿ ಸುಟ್ಟಿದ್ದು ನಾ ಕಣ್ಣಾರೆ ಕಂಡೀನವ್ವ. ಆಗಾದಿಲ್ಲ."

"ನಾ ಇರ್ತೀನಲ್ರಿ ಒಳಗ."

ಆ ಕಡೆ ತಟ್ಟೆಯ ಸದ್ದು ನಿಂತಿತು. ಫೋನ್ ಕಟ್ಟಾಯಿತು.

ಮರುದಿನ ಅಮ್ಮ ಮಲಗಿದ ಮೇಲೆ ಶಾಹಿಸ್ತಾ ಲ್ಯಾಪ್‌ಟಾಪ್ ತೆರೆದು ಕೂತಳು. ಕ್ಯಾಮೆರಾದಲ್ಲಿ ಕಲ್ಲಪ್ಪ ಚಪ್ಪಲಿ ಮೆಟ್ಟಿದ; ಮೇನ್ ಸ್ವಿಚ್ಚಿಗೆ ಕೈ ಎತ್ತಿದ. ಕೈ ಅಲ್ಲೇ ನಿಂತಿತು. ಇನ್ನೊಂದು ಕೈ ಜೇಬಿಗೆ ಹೋಯಿತು. ಅವಳ ಫೋನು ಬಡಿದುಕೊಂಡಿತು.

"ಶಾಹಿಸ್ತಾ, ಒಳಗ ಅದೀಯೇನವ್ವ?"

"ಅದೀನ್ರಿ."

"ಬೆಂಕಿ-ಗಿಂಕಿ ಕಂಡ್ರೆ ಕೂಗು ಮತ್ತ."

"ಹರಿಹರದಿಂದ್ಲೇ ಕೂಗ್ತೀನ್ರಿ, ಇಡೀ ಮಂಡಿಪೇಟಿ ಎದ್ದು ಬರ್ಬೇಕು."

ಅವನು ನಗಲಿಲ್ಲ. ಸ್ವಿಚ್ಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಇಳಿಸಲಿಲ್ಲ. ಬಾಗಿಲವರೆಗೆ ಹೋದವನು ಏನೋ ನೆನಪಾದಂತೆ ತಿರುಗಿ ಬಂದು, ಗೋಡೆಯ ಮೇಲೆ ಏನನ್ನೋ ಒತ್ತಿ ಹೊರಟ. ಷಟರ್ ಇಳಿದು ಚಿತ್ರ ಕಪ್ಪಾಯಿತು, ಆಮೇಲೆ ಕ್ಯಾಮೆರಾ ಕತ್ತಲಿಗೆ ಹೊಂದಿಕೊಂಡು ಮೆಲ್ಲಗೆ ಬೂದಿಯ ಬಣ್ಣಕ್ಕೆ ತಿರುಗಿತು.

ಶಾಹಿಸ್ತಾ ಮೊದಲ ಬಿಲ್ಲು ತೆರೆದಳು. ಮೂಲೆಯ ಚಿತ್ರದಲ್ಲಿ, ಅವಳ ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಿತ್ತು.