ಮುಖದ ಬೀಗ

ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಕೈಯ ಚರ್ಮ ಸುಟ್ಟು ಸುಲಿಯುತ್ತದೆ. ಬೂದಿ ಹಚ್ಚಿಕೊಂಡರೂ ಅಷ್ಟೆ, ತೆಂಗಿನೆಣ್ಣೆ ಬಳಿದುಕೊಂಡರೂ ಅಷ್ಟೆ. ಅಜೆಕಾರಿನ ಕಡೆಯ ಕಾರ್ಖಾನೆಯೊಂದರಲ್ಲಿ ಮದುವೆಗೆ ಮೊದಲಿಂದಲೇ ಬೀಜ ಒಡೆಯುತ್ತಿರುವ ಆಲಿಸಳ ಬೆರಳಲ್ಲಿ ಗೆರೆಯೇ ಉಳಿದಿಲ್ಲ. ರೇಷನ್ ಅಂಗಡಿಯ ಯಂತ್ರಕ್ಕೂ ಅವಳ ಹೆಬ್ಬೆಟ್ಟು ಬೇಡ, ಫೋನಿಗೂ ಬೇಡ. ಕೊನೆಗೆ ಮಗಳು ಡೈನಾ ಉಪಾಯ ಮಾಡಿದಳು.

"ಮಮ್ಮಿ, ನಿನ್ನ ಮುಖವೇ ಬೀಗ. ನೀನು ಕಣ್ಣು ಬಿಟ್ಟು ನೋಡಿದ್ರೆ ಮಾತ್ರ ತೆರೀತದೆ. ಇಲ್ಲದಿದ್ರೆ ನಂಬರು ಹಾಕು."

ಕಾರ್ಖಾನೆಯಲ್ಲಿ ಬೆಳಿಗ್ಗೆಯೇ ಎಲ್ಲ ಹೆಂಗಸರ ಫೋನು ಸೂಪರ್‌ವೈಸರ್ ಅಖಿಲನ ಟ್ರೇ ಸೇರಬೇಕು. ಶಿಸ್ತಂತೆ. ಅವನ ಶಿಸ್ತು ಎಂಥದೆಂದು ಎಲ್ಲರಿಗೂ ಗೊತ್ತಿತ್ತು. ಯಾರು ಯೂನಿಯನ್ನಿನವರಿಗೆ ಫೋನು ಮಾಡಿದರು, ಯಾರ ಮಗಳ ಫೋಟೋ ಚಂದ ಉಂಟು, ಎಲ್ಲ ಅವನಿಗೆ ಬೇಕು. ಬೀಗವಿದ್ದರೆ ಹೆಂಗಸನ್ನೇ ಕರೆಸಿ ತೆರೆಸುತ್ತಿದ್ದ. ಹೊಟ್ಟೆಪಾಡು, ತೆರೆದು ಕೊಡುತ್ತಿದ್ದರು.

ನಿನ್ನೆ ಬೀಜ ಬೇಯಿಸುವ ಬಾಯ್ಲರಿನ ಪೈಪು ಒಡೆದು ನಳಿನಾಕ್ಷಿಯ ಕುತ್ತಿಗೆ, ಎದೆ ಬೆಂದುಹೋಯಿತು. ಆಂಬುಲೆನ್ಸ್ ಕರೆಯಲೆಂದು ಟ್ರೇಯಿಂದ ಫೋನು ಎತ್ತಿಕೊಂಡ ಆಲಿಸ್ ವೀಡಿಯೊ ಸಹ ಮಾಡಿದಳು. ಕೆಟ್ಟುಹೋದ ವಾಲ್ವಿಗೆ ಕಾರ್ಖಾನೆಯ ಧಣಿ ಸುತ್ತಿಸಿದ್ದ ತಂತಿ, ಅದರ ಕೆಳಗೆ ಹೊರಳಾಡುತ್ತಿದ್ದ ನಳಿನಾಕ್ಷಿ. ಅವಳೀಗ ಮಣಿಪಾಲದ ಆಸ್ಪತ್ರೆಯಲ್ಲಿದ್ದಾಳೆ. ಧಣಿ ಮಾತ್ರ ಪೊಲೀಸರಿಗೆ, "ಮನೆಯಲ್ಲಿ ಗಂಜಿ ಚೆಲ್ಲಿಕೊಂಡದ್ದು" ಎಂದ. ಬೆಳಗಾಗುವಷ್ಟರಲ್ಲಿ ಹೊಸ ವಾಲ್ವು ಬಂದು ಕೂತಿತ್ತು. ಉಳಿದ ಸಾಕ್ಷಿ ಆಲಿಸಳ ಫೋನೊಂದೇ. ನೆಟ್ ಮುಗಿದು ಅದನ್ನು ಯಾರಿಗೂ ಕಳಿಸಲು ಆಗಿರಲಿಲ್ಲ. ಸಂಜೆ ನಳಿನಾಕ್ಷಿಯ ಅಣ್ಣನಿಗೆ ತೋರಿಸೋಣ ಎಂದುಕೊಂಡು ಎಂದಿನಂತೆ ಕೆಲಸಕ್ಕೆ ಬಂದಳು, ಪಾಪದವಳು. ಅವಳು ವೀಡಿಯೊ ಮಾಡಿದ್ದನ್ನು ಧಣಿಯ ಗೋಡೆ ಕೆಮರಾ ಹಿಡಿದುಕೊಟ್ಟಿತ್ತು.

ಫೋನು ಒಡೆದುಹಾಕಿದರೆ ಸಾಲದು, ಅವಳು ಯಾರ್‍ಯಾರಿಗೆ ಕಳಿಸಿದ್ದಾಳೆಂದೂ ಧಣಿಗೆ ತಿಳಿಯಬೇಕಿತ್ತು. ಅಖಿಲ ಶೆಡ್ಡಿಗೇ ಬಂದು ಅವಳ ಮುಖದೆದುರು ಫೋನು ಹಿಡಿದ.

"ಇಲ್ಲಿ ನೋಡು."

ಆಲಿಸ್ ಕಣ್ಣು ಮುಚ್ಚಿದಳು.

"ಕಣ್ಣು ಬಿಡು!"

"ಬಿಡುದಿಲ್ಲ. ಅದು ನನ್ನ ಫೋನು."

"ಫೋನು ನಿನ್ನದು. ಒಳಗೆ ಉಂಟಲ್ಲ, ಅದು ನಮ್ಮ ಕಾರ್ಖಾನೆ ಮಾರಾಯ್ತಿ!"

"ಬೆಂದದ್ದು ನಳಿನಾಕ್ಷಿ."

ಮಾತು ಮುಗಿಯುವ ಮೊದಲೇ ಕೆನ್ನೆಗೆ ಬಿತ್ತು. ಅಖಿಲ ಅವಳ ಜುಟ್ಟು ಹಿಡಿದು ತಲೆಯನ್ನು ಬೀಜ ಒಡೆಯುವ ಮೇಜಿಗೆ ಜಜ್ಜಿದ. ಮೂಗು ಒಡೆಯಿತು. ಹುಬ್ಬು ಸೀಳಿತು. ಹೆಬ್ಬೆರಳಿಂದ ಅವಳ ರೆಪ್ಪೆ ಎತ್ತಿ ಫೋನು ಹಿಡಿದ. ತೆರೆಯಲಿಲ್ಲ. ಮತ್ತೆ ಹೊಡೆದ, ಮತ್ತೆ ಹಿಡಿದ. ಊದಿ ರಕ್ತ ಮೆತ್ತಿದ ಆ ಮುಖ ಯಾರದೆಂದು ಫೋನಿಗೆ ತಿಳಿಯಲಿಲ್ಲ. ಹೊಡೆದೂ ಹೊಡೆದೂ ಬೀಗವನ್ನು ಅವನೇ ಹಾಳುಮಾಡಿದ್ದ, ಮುಟ್ಠಾಳ.

"ನಂಬರು ಹೇಳು. ಕೊಂದುಹಾಕ್ತೇನೆ!"

"ಕೊಲ್ಲು," ಎಂದು ಆಲಿಸ್ ರಕ್ತ ಉಗುಳಿದಳು. "ಹೆಣ ನಂಬರು ಹೇಳ್ತದಾ ನೋಡುವ."

ಇಷ್ಟು ಹೊತ್ತೂ ಹೆಂಗಸರು ತಲೆ ತಗ್ಗಿಸಿ ಕೂತಿದ್ದರು. ಅವನು ಮತ್ತೆ ಕೈ ಎತ್ತಿದಾಗ ಪಕ್ಕದ ಮೇಜಿನ ಮುನೀರಾ ಎದ್ದಳು. ಬೀಜ ಒಡೆಯುವ ಮರದ ಕೊಡತಿಯಿಂದ ಅವನ ಮಣಿಗಂಟಿಗೆ ಬಾರಿಸಿದಳು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಫೋನು ನೆಲಕ್ಕೆ ಬಿತ್ತು. ಅದನ್ನು ಹಿಡಿಯಲು ಬಗ್ಗಿದವನ ಬೆನ್ನಿಗೆ ಇನ್ನೊಂದು ಬಿತ್ತು. ಆಮೇಲೆ ಯಾರು ಹೊಡೆದರು, ಎಷ್ಟು ಹೊಡೆದರು ಎಂದು ಯಾರೂ ನೋಡಲಿಲ್ಲ.

"ಆಲಿಸಕ್ಕ, ನಂಬರು ಎಂತ?" ಎಂದಳು ಮುನೀರಾ, ಫೋನು ಎತ್ತಿಕೊಂಡು.

ಪೆಟ್ಟಿಗೂ ಬಾಯಿಬಿಡದ ಆಲಿಸ್ ಇಡೀ ಶೆಡ್ಡಿಗೆ ಕೇಳುವಂತೆ ಕೂಗಿ ಹೇಳಿದಳು. ಅಷ್ಟರಲ್ಲಿ ಒಬ್ಬಳು ಹೋಗಿ ಅಖಿಲನ ಟ್ರೇಯನ್ನು ಶೆಡ್ಡಿನೊಳಗೆ ಹೊತ್ತು ತಂದಳು. ಎಲ್ಲರ ಫೋನೂ ಅವರವರ ಕೈ ಸೇರಿತು. ಮುನೀರಾ ತನ್ನ ನೆಟ್ ಹಂಚಿ, ವೀಡಿಯೊವನ್ನು ಒಬ್ಬೊಬ್ಬರಿಗೂ ಕಳಿಸಿದಳು.

"ಡಿಲೀಟ್ ಮಾಡಿ. ಧಣಿ ನಿಮ್ಮನ್ನು ಬಿಡುದಿಲ್ಲ," ಎಂದು ಅಖಿಲ ಬಿದ್ದಲ್ಲೇ ನರಳಿದ.

ಒಂದು ಫೋನಿನಲ್ಲಿ ನಳಿನಾಕ್ಷಿ ಕಿರುಚಿದಳು. ಆಮೇಲೆ ಇನ್ನೊಂದರಲ್ಲಿ. ಆಮೇಲೆ ಶೆಡ್ಡಿನ ಎಲ್ಲ ಮೂಲೆಗಳಿಂದಲೂ. ಮಾಳಿಗೆಯಲ್ಲಿ ಧಣಿಯ ಕಿಟಕಿ ತೆರೆಯಿತು.

ಮೇಜು ಹಿಡಿದು ಎದ್ದುನಿಂತ ಆಲಿಸ್ ಹೇಳಿದಳು, "ಇನ್ನೂ ಜೋರು ಮಾಡಿ."